ಹದಿನೈದನೆಯ ಫ್ರೇಮು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ ಎಂದು ಓದುಗರಾದ ನಿಮ್ಮನ್ನು ಕೇಳುವುದು ಸರಿಯಲ್ಲ, ಗೊತ್ತು. ಊಟಕ್ಕೆ ಕರೆದು, ಒಲೆ ಹಚ್ಚಿ ಬನ್ನಿ ಅಂದ ಹಾಗಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಯಾಕೆಂದರೆ ನಾನಿದನ್ನು ಈಗಾಗಲೇ ಒಮ್ಮೆ ಶುರುಮಾಡಿ, ಮುಗಿಸಿ, ಅಚ್ಚು ಹಾಕಿಸಿ, ಚಪ್ಪಾಳೆಯನ್ನೂ ಗಿಟ್ಟಿಸಿದ್ದಾಗಿದೆ. ಆಗ ಶುರುಮಾಡಿದ್ದು ಹೀಗೆ:

“ಅಲೆಗಳಿಗೆ ಅವಸರವಿರಲಿಲ್ಲ. ಅವನ ಬೆರಳುಗಳಿಗೂ.”

(ಇದನ್ನು ಬರೆದ ದಿನ ನಾನು ಕುರ್ಚಿಯಿಂದೆದ್ದು ರೂಮಿನಲ್ಲಿ ಎರಡು ಸುತ್ತು ಓಡಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಕೈ ಉದ್ದವಿರಲಿಲ್ಲ, ಅಷ್ಟೇ.)

ಆ ಎರಡು ವಾಕ್ಯಗಳು ಮೂರಡಿ ಎತ್ತರದ ಬೋರ್ಡಿನ ಮೇಲೆ, ಊರಿನ ದೊಡ್ಡ ಗ್ಯಾಲರಿಯ ಗೋಡೆಗೆ, ಒಂದು ಕಪ್ಪು ಬಿಳುಪು ಫೋಟೋದ ಪಕ್ಕ ನೇತಾಡಿದವು. ಅವು ಪೂರ್ತಿ ಸುಳ್ಳು. ಅಲೆಗಳ ವಿಷಯ ನನಗೆ ಗೊತ್ತಿಲ್ಲ. ಬೆರಳುಗಳ ವಿಷಯ, ನಾನು ಬರೆದ ಅರ್ಥದಲ್ಲಿ, ಸುಳ್ಳು.

೨

ಫೋಟೋ ಎಂಥದ್ದು ಅಂತ ಹೇಳಿಬಿಡುತ್ತೇನೆ, ಈ ಸಲ ಅಲಂಕಾರವಿಲ್ಲದೆ.

ಇಪ್ಪತ್ತೈದು ವರ್ಷದ ಹಿಂದಿನದು. ಭಾನುವಾರ ಮಧ್ಯಾಹ್ನ, ಎಲ್ಲರೂ ಹೋಗುವ ಬೀಚು. ಹಿಂದೆ ಯಾರದೋ ಛತ್ರಿ, ಯಾರದೋ ಕಾಲು. ಮುಂದೆ ಮರಳಿನ ಮೇಲೆ ಒಂದು ಗಂಡು ಒಂದು ಹೆಣ್ಣು. ಆಗಷ್ಟೇ ನೀರಿಂದ ಎದ್ದು ಬಂದವರು, ಮೈಯೆಲ್ಲ ಮರಳು. ಅವಳ ತಲೆ ಅವನ ಎದೆಗೊರಗಿದೆ. ಅವನ ಐದೂ ಬೆರಳು ಅವಳ ಒದ್ದೆ ಕೂದಲೊಳಗೆ ಹುದುಗಿವೆ. ತುಟಿ ಅವಳ ಕಿವಿಯ ಹತ್ತಿರ. ಅವಳ ಒಂದು ಕಣ್ಣು ಮಾತ್ರ ಕಾಣುತ್ತದೆ, ಅದು ನೇರವಾಗಿ ಕ್ಯಾಮೆರಾವನ್ನು ನೋಡುತ್ತಿದೆ. ಆ ಕಣ್ಣನ್ನು ನಾನು “ಸುಖದಿಂದ ಅರೆನಿದ್ದೆಗಿಳಿದ ಕಣ್ಣು” ಎಂದು ಬರೆದಿದ್ದೆ.

ತೆಗೆದವರು ಒಬ್ಬ ಛಾಯಾಗ್ರಾಹಕಿ. ಮೂವತ್ತು ವರ್ಷ ಬೀಚಿನಲ್ಲಿ ಮಲಗಿದವರು, ಅಪ್ಪಿಕೊಂಡವರು, ಮೈಮರೆತವರ ಹತ್ತಿರ ಹೋಗಿ ಫೋಟೋ ತೆಗೆದರು. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಮುಟ್ಟಲಿಲ್ಲ. ಒಂದೇ ಮಾರು ದೂರದಲ್ಲಿ ಕೂತು ಕ್ಲಿಕ್ಕಿಸುವುದು ಅವರ ಹೆಗ್ಗಳಿಕೆ. ಈಗ ಎಪ್ಪತ್ತರ ಹತ್ತಿರ. ಆ ಮೂವತ್ತು ವರ್ಷದ ಚಿತ್ರಗಳ ಪ್ರದರ್ಶನಕ್ಕೆ ‘ದಡ’ ಅಂತ ಹೆಸರಿಟ್ಟರು. ಗ್ಯಾಲರಿಯವರು ಗೋಡೆ ಬರಹಕ್ಕೆ ನನ್ನನ್ನು ಹಿಡಿದರು. ಜಾಹೀರಾತಿಗೆ ಈ ಫೋಟೋವನ್ನು ಆರಿಸಿ ಸಿಟಿ ಬಸ್ಸುಗಳ ಬೆನ್ನಿಗೆ ಅಂಟಿಸಿದರು.

ಹಾಗಾದರೆ ಬಸ್ಸಿನಿಂದಲೇ ಶುರುಮಾಡಬೇಕಿತ್ತು. ಮಾಡೋಣ.

೩

ಬೆಳಿಗ್ಗೆ ಡಿಪೋದಲ್ಲಿ ಬಸ್ಸು ತೆಗೆಯುವ ಮುಂಚೆ ಡ್ರೈವರಾದವರು ಒಂದು ಸುತ್ತು ಹಾಕಬೇಕು. ಟೈರು, ಲೈಟು, ಬಾಗಿಲು, ಕೆಳಗೆ ಎಣ್ಣೆ ಸೋರಿದೆಯೋ ಎಂದು ಒಂದು ನೋಟ. ಹತ್ತೊಂಬತ್ತು ವರ್ಷದಿಂದ ಸಿಟಿ ಬಸ್ಸು ಓಡಿಸುವ ಒಬ್ಬಾಕೆ ಇದನ್ನು ತಪ್ಪಿಸಿದವಳಲ್ಲ. ಡಿಪೋದಲ್ಲಿ ಆಕೆಗೆ ಬ್ರೇಕಮ್ಮ ಅಂತ ಅಡ್ಡಹೆಸರು. ದೂರದಲ್ಲಿ ಯಾರಾದರೂ ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಹೊರಟ ಬಸ್ಸನ್ನೂ ನಿಲ್ಲಿಸುತ್ತಾಳೆ. ಒಳಗೆ ನಿಂತವರು ಮುಗ್ಗರಿಸಿ ಬೈಯುತ್ತಾರೆ, ಓಡಿ ಬಂದವರು ಏದುಸಿರಲ್ಲಿ ಥ್ಯಾಂಕ್ಸ್ ಹೇಳುತ್ತಾರೆ. ಎರಡಕ್ಕೂ ಆಕೆಯದು ಒಂದೇ ಮುಖ.

ಆ ದಿನ ಬಸ್ಸಿನ ಹಿಂಬದಿಗೆ ಬಂದವಳು ನಿಂತೇಬಿಟ್ಟಳು. ಊಟದ ತಟ್ಟೆಯಷ್ಟಗಲದ ಒಂದು ಕಣ್ಣು ಆಕೆಯನ್ನೇ ನೋಡುತ್ತಿತ್ತು. ಆಕೆಯದೇ ಕಣ್ಣು.

ಡಿಪೋ ಮೆಕ್ಯಾನಿಕ್ ಚಹಾ ಲೋಟ ಹಿಡಿದು ಬಂದ. “ಏನ್ ಬ್ರೇಕಮ್ಮಾ, ನಿನ್ನ ಬಸ್ಸಿಗೆ ಪ್ರೇಮ ಅಂಟ್ಕೊಂಡಿದೆಯಲ್ಲ!”

ಅವನಿಗೆ ಗುರುತು ಸಿಗಲಿಲ್ಲ. ಇಪ್ಪತ್ತೈದು ವರ್ಷ, ಇಪ್ಪತ್ತು ಕಿಲೋ, ಮೇಲೊಂದು ಖಾಕಿ ಜಾಕೆಟ್ಟು. ಸಿಗುವುದಾದರೂ ಹೇಗೆ?

“ಇದನ್ನ ಕಿತ್ತು ಹಾಕೋಕೆ ಆಗಲ್ವಾ?” ಆಕೆ ಕೇಳಿದಳು.

“ಮೂರು ತಿಂಗಳ ಕಾಂಟ್ರಾಕ್ಟು. ಯಾಕೆ, ನೋಡೋಕೆ ಚೆನ್ನಾಗೇ ಇದೆಯಲ್ಲ? ಹೋದ ಸಲ ಮೂಲವ್ಯಾಧಿ ಮುಲಾಮು ಹಚ್ಚಿದ್ರು, ಆಗ ನೀನು ತುಟಿ ಬಿಚ್ಚಲಿಲ್ಲ.”

ಬೇರೆ ಬಸ್ಸು ಕೊಡಿ ಎಂದು ಸೂಪರ್‌ವೈಸರ್ ಹತ್ತಿರ ಹೋದಳು. ಈ ರೂಟಿನ ಆರೂ ಬಸ್ಸಿಗೆ ಇದೇ ಚಿತ್ರ ಎಂದು ಆತ ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದ. ಆಕೆ ಸೀಟಿಗೆ ಹತ್ತಿ ಕೂತಳು. ಬೆನ್ನ ಹಿಂದಿನದು ಆಕೆಗೆ ಕಾಣುವಂತಿರಲಿಲ್ಲ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ, ಹಿಂದಿನ ಸ್ಕೂಟರಿನ ಜೋಡಿ ಮೇಲೆ ನೋಡಿ ಮುಗುಳ್ನಕ್ಕು, ಒಬ್ಬರಿಗೊಬ್ಬರು ಇನ್ನಷ್ಟು ಅಂಟಿ ಕೂತದ್ದು ಪಕ್ಕದ ಕನ್ನಡಿಯಲ್ಲಿ ಕಂಡಿತು.

೪ (ಇದು ಎರಡನೇ ಕರಡು. ಬ್ರೇಕಮ್ಮ ಗೀಟೆಳೆದು ಹೊಡೆದು ಹಾಕಿದ್ದು. ಆಕೆ ನನಗೆ ಸಿಕ್ಕ ಬಗೆ ಆಮೇಲೆ.)

“ಅವನು ಕುಡುಕ. ಕೆಂಪು ಕಣ್ಣು, ದಪ್ಪ ಮೀಸೆ, ಏರು ದನಿ...”

ಇದನ್ನು ನಾನು ಓದಿ ಹೇಳಿದಾಗ ಆಕೆ ಕೈ ಅಡ್ಡ ಹಿಡಿದಳು.

“ಯಾರು ಸಾರ್ ಇವನು?”

“ನಿಮ್ಮ ಗಂಡ.”

“ನನ್ನ ಗಂಡ ಕುಡೀತಿರಲಿಲ್ಲ. ಕುಡಿದಿದ್ರೆ ಎಷ್ಟೋ ಸುಲಭ ಆಗ್ತಿತ್ತು. ಜನ ನಂಬ್ತಿದ್ರು.”

ನಾನು ಆ ಕರಡನ್ನು ಪಕ್ಕಕ್ಕಿಟ್ಟೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ.

ಅವನು ಲಿಫ್ಟ್ ರಿಪೇರಿಯವನು. ಸಣ್ಣ ದನಿ. ಎಷ್ಟು ಸಣ್ಣದೆಂದರೆ, ಏನಾದರೂ ಹೇಳಿದರೆ ಎದುರಿನವರು ಬಾಗಿ ಕಿವಿ ಕೊಡಬೇಕು. ಅವರಿದ್ದ ಕಟ್ಟಡದಲ್ಲಿ ಲಿಫ್ಟು ಇರಲಿಲ್ಲ, ಮೇಲಿನ ಮಹಡಿಯ ಅಜ್ಜಿಯರ ಸಾಮಾನು ಚೀಲಗಳನ್ನು ಅವನೇ ಹೊತ್ತು ಹತ್ತಿಸುತ್ತಿದ್ದ. “ಚಿನ್ನದಂಥ ಗಂಡ ಕಣಮ್ಮ ನಿಂಗೆ” ಎಂದು ಆ ಅಜ್ಜಿಯರು ಇವಳ ಗಲ್ಲ ಸವರಿ ಹೇಳುತ್ತಿದ್ದರು. ಗಲ್ಲದ ಮೇಲೆ ಯಾವತ್ತೂ ಗುರುತು ಇರುತ್ತಿರಲಿಲ್ಲ. ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಭಾನುವಾರ ಇವಳ ಹೊಟ್ಟೆಯಲ್ಲಿ ಮೂರು ತಿಂಗಳು. ಇಬ್ಬರೂ ನೀರಿಗಿಳಿದಿದ್ದರು. ಪಕ್ಕದಲ್ಲಿ ಯಾರೋ ಒಬ್ಬ ಅಲೆಗೆ ಸಿಕ್ಕಿ ಮಗುಚಿ ಬಿದ್ದ, ಬಾಯಿ ತುಂಬ ಮರಳು ತುಂಬಿಕೊಂಡು ಎದ್ದ. ಇವಳಿಗೆ ನಗು ಬಂತು, ಬಿದ್ದವನೂ ಇವಳ ಕಡೆ ನೋಡಿ ನಕ್ಕ. ಅಷ್ಟೇ ಆಗಿದ್ದು. ದಡಕ್ಕೆ ಬಂದು ಕೂತ ಮೇಲೆ ಗಂಡ ಅವಳನ್ನು ಹತ್ತಿರ ಎಳೆದುಕೊಂಡು ಕೂದಲೊಳಗೆ ಬೆರಳು ತೂರಿಸಿ, ಮುಷ್ಟಿ ಕಟ್ಟಿ, ಕಿವಿಯಲ್ಲಿ ಹೇಳಿದ, ಸಣ್ಣ ದನಿಯಲ್ಲಿ: “ಮನೆಗೆ ನಡಿ. ನಿಂಗೆ ನಗು ಎಲ್ಲಿಂದ ಬರುತ್ತೆ ನೋಡೋಣ.”

ಸುತ್ತ ನೂರಾರು ಜನ. ಅವರಲ್ಲಿ ಒಬ್ಬಳು ಮಾತ್ರ ಇವರನ್ನೇ ನೋಡುತ್ತ, ಮಾರು ದೂರದಲ್ಲಿ ಮಂಡಿಯೂರಿ ಕೂತಿದ್ದಳು. ಕತ್ತಿನಲ್ಲಿ ಕ್ಯಾಮೆರಾ. ಹೆಂಗಸು.

“ಅಬ್ಬ, ಇವಳೊಬ್ಬಳು ನೋಡಿದಳು ಅಂದ್ಕೊಂಡೆ,” ಬ್ರೇಕಮ್ಮ ನನಗೆ ಹೇಳಿದಳು. “ಕೂಗೋ ಹಾಗಿರಲಿಲ್ಲ. ಅದಕ್ಕೇ ಕಣ್ಣಲ್ಲೇ ಕೂಗಿದೆ. ಅದನ್ನ ನೀವು ನಿದ್ದೆ ಅಂತ ಬರೆದಿದ್ದೀರಿ.”

ಕ್ಯಾಮೆರಾದವಳು ಕ್ಲಿಕ್ಕಿಸಿದಳು. ನಕ್ಕು ಕೈ ಬೀಸಿ ಎದ್ದು ಹೋದಳು.

೫

ಮಗಳಿಗೆ ಎರಡು ವರ್ಷವಾದಾಗ ಆಕೆ ಒಂದು ಚೀಲ, ಒಂದು ಮಗು ಹಿಡಿದು ಅವನ ಊರು ಬಿಟ್ಟು ಈ ಊರಿಗೆ ಬಂದಳು. ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ಸತ್ತ ಎಂದಳು. ಬಿಟ್ಟು ಬಂದೆ ಎಂದರೆ ಹತ್ತು ಪ್ರಶ್ನೆ ಹುಟ್ಟುತ್ತವೆ. ಸತ್ತ ಎಂದರೆ ಜನ ತಲೆ ತಗ್ಗಿಸಿ ಮಾತು ಬದಲಿಸುತ್ತಾರೆ. ಲಿಫ್ಟಿನ ಹೊಂಡಕ್ಕೆ ಬಿದ್ದು ಸತ್ತ ಎಂದಳು. (ಅದು ಆಕೆಯ ಕಲ್ಪನೆ. ಕಥೆಗಾರನಾದ ನನಗೆ ಹೊಟ್ಟೆಕಿಚ್ಚು ಬಂತು.)

ಅವನು ಸತ್ತಿರಲಿಲ್ಲ. ಈಗಲೂ ಇದ್ದಾನೆ, ಅದೇ ಊರಿನಲ್ಲಿ, ಬೇರೆ ಮದುವೆಯಾಗಿ.

ಮಗಳು ಬೆಳೆದಂತೆ ಅಪ್ಪ ಬೇಕಾದ. ಸ್ಕೂಲಿನಲ್ಲಿ ಅಪ್ಪನ ಬಗ್ಗೆ ಹತ್ತು ವಾಕ್ಯ ಬರೆಸುತ್ತಾರೆ. ಆಕೆ ಒಂದೊಂದೇ ವಾಕ್ಯ ಕೊಟ್ಟಳು. ಅಪ್ಪ ಮೆಲ್ಲಗೆ ಮಾತಾಡುತ್ತಿದ್ದರು, ಇದು ನಿಜ. ಅಪ್ಪ ಅಜ್ಜಿಯರ ಚೀಲ ಹೊರುತ್ತಿದ್ದರು, ಇದೂ ನಿಜ. ಅಪ್ಪನಿಗೆ ನಾವೆಂದರೆ ಪ್ರಾಣ. ಇದನ್ನು ಹೇಳುವಾಗ ಆಕೆ ಮಗುವಿನ ಶೂ ಲೇಸು ಕಟ್ಟುತ್ತ ಮುಖ ಕೆಳಗೆ ಹಾಕಿಕೊಂಡಿದ್ದಳಂತೆ.

“ಸುಳ್ಳು ಅನ್ನಿಸಲೇ ಇಲ್ಲ ಸಾರ್. ಮಗುವಿಗೆ ಸ್ವೆಟರ್ ಹಾಕ್ತೀವಲ್ಲ, ಹಾಗೆ ಹಾಕಿದೆ. ಬೆಳೆದ ಮೇಲೆ ತೆಗೀಬೇಕಿತ್ತು. ತೆಗೀಲಿಲ್ಲ.”

೬

ಮಗಳಿಗೆ ಈಗ ಇಪ್ಪತ್ನಾಲ್ಕು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನರ ಹುಡುಕುವುದರಲ್ಲಿ ನಿಸ್ಸೀಮಳು, ಎಳೆ ಮಕ್ಕಳನ್ನು ಇವಳ ಹತ್ತಿರವೇ ಕಳಿಸುತ್ತಾರೆ. ಜಾಹೀರಾತು ಅಂಟಿದ ನಾಲ್ಕನೇ ದಿನ ಸಂಜೆ, ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಅಮ್ಮನ ಮುಂದೆ ಫೋನು ಹಿಡಿದಳು.

“ಅಮ್ಮಾ, ಸುಳ್ಳು ಹೇಳ್ಬೇಡ. ಇದು ನೀನು ತಾನೇ? ಕಿವಿ ಕೆಳಗೆ ಮಚ್ಚೆ ಇದೆ.”

ಬ್ರೇಕಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. “ಹೂಂ.”

“ಮತ್ತೆ ಇವರು ಅಪ್ಪ?”

“ಹೂಂ.”

ಮಗಳು ಮಂಚದ ಮೇಲೆ ಕುಸಿದು ಅತ್ತುಬಿಟ್ಟಳು. ಅಪ್ಪನದು ಒಂದೂ ಫೋಟೋ ಇರಲಿಲ್ಲ ಮನೆಯಲ್ಲಿ. ಸುಟ್ಟುಹೋಯಿತು ಅಂತ ಅದಕ್ಕೂ ಒಂದು ಕಥೆ ಇತ್ತು. ಇಪ್ಪತ್ನಾಲ್ಕು ವರ್ಷಕ್ಕೆ ಮೊದಲ ಸಲ ಅಪ್ಪನ ಮುಖ, ಅದೂ ಅರ್ಧ.

“ಯಾವ ವರ್ಷದ್ದು ಅಂತ ಕೆಳಗೆ ಬರೆದಿದೆ. ಲೆಕ್ಕ ಹಾಕಿದೆ ಅಮ್ಮ. ನಾನೂ ಇದೀನಿ ಇದರಲ್ಲಿ! ನಿನ್ನ ಹೊಟ್ಟೇಲಿ. ನಮ್ಮ ಮೂರೂ ಜನರ ಒಂದೇ ಒಂದು ಫೋಟೋ ಇದು.”

ಮುಂದಿನ ವಾರ ಅದರ ದೊಡ್ಡ ಪ್ರಿಂಟು ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ಊಟದ ಮೇಜಿನ ಎದುರು ಗೋಡೆಗೆ ಮಗಳೇ ಮೊಳೆ ಹೊಡೆದಳು. ಬ್ರೇಕಮ್ಮ ಅವತ್ತಿನಿಂದ ಊಟಕ್ಕೆ ಕೂರುವ ಕುರ್ಚಿ ಬದಲಿಸಿದಳು, ಗೋಡೆಗೆ ಬೆನ್ನು ಮಾಡಿ. ಮಗಳು ಅದನ್ನು ಗಮನಿಸಿದಳು. ತಪ್ಪಾಗಿ ಗಮನಿಸಿದಳು.

“ನೋಡೋಕೆ ಅಷ್ಟು ಕಷ್ಟ ಆಗುತ್ತಾ?” ಎಂದಳು ಒಂದು ದಿನ, ದನಿ ತೇವ ಮಾಡಿಕೊಂಡು. ಮರುಕ್ಷಣವೇ ಆ ತೇವ ಹೋಯಿತು. “ಒಂದು ಮಾತು ಕೇಳ್ಲಾ? ನೀನು ಹೀಗೂ ಇದ್ದೆ ಅಂತ ನಂಗೆ ಗೊತ್ತೇ ಇರಲಿಲ್ಲ. ಒಬ್ಬರ ಎದೆ ಮೇಲೆ ತಲೆ ಇಟ್ಟು. ನನ್ನನ್ನ ಒಂದು ದಿನ ಹೀಗೆ ಹತ್ತಿರ ಕರ್ಕೊಂಡಿದ್ದೀಯಾ? ತಲೆ ಬಾಚುವಾಗ ಕೂಡ ಮಾರು ದೂರ ನಿಲ್ಲಿಸ್ತಿದ್ದೆ. ಅಪ್ಪನ ಜೊತೆ ನಿನ್ನ ಪ್ರೀತಿನೂ ಹೊಂಡಕ್ಕೆ ಬಿತ್ತಾ?”

ಬ್ರೇಕಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

೭

ಇಲ್ಲಿಗೆ ನಾನು ಬರುತ್ತೇನೆ. ಬರಬಾರದಿತ್ತು. ಆದರೆ ಗೋಡೆಯ ಮೇಲೆ ನನ್ನ ಹೆಸರಿದೆಯಲ್ಲ.

ಶನಿವಾರ ಮಧ್ಯಾಹ್ನ ಗ್ಯಾಲರಿಯಲ್ಲಿ ನನ್ನ ಮಾತು ಇತ್ತು. ‘ಸ್ಪರ್ಶದ ವ್ಯಾಕರಣ’ ಅಂತ ವಿಷಯ. (ನಗಬೇಡಿ. ನಗಿ, ಪರವಾಗಿಲ್ಲ.) ನಲವತ್ತು ಜನ ಕೂತಿದ್ದರು. ಹಿಂದೆ ಬಾಗಿಲ ಹತ್ತಿರ ಖಾಕಿ ಜಾಕೆಟ್ಟಿನ ಒಬ್ಬ ಹೆಂಗಸು ನಿಂತಿದ್ದಳು. ಸೆಕ್ಯುರಿಟಿ ಇರಬೇಕು ಅಂದುಕೊಂಡೆ. ಮಾತು ಮುಗಿದು ಜನ ಚದುರಿದ ಮೇಲೆ ಆಕೆ ಹತ್ತಿರ ಬಂದಳು.

“ಈ ಬೋರ್ಡಿಂದು ನೀವು ಬರೆದಿದ್ದಾ?”

“ಹೌದು. ಇಷ್ಟ ಆಯ್ತಾ?” ಎಂದೆ. ಹಾಗೇ ಅಂದೆ, ಹಲ್ಲು ಬಿಟ್ಟು.

“ಆ ಬೆರಳಿಗೆ ಅವಸರ ಇರಲಿಲ್ಲ ಅಂತ ಬರೆದಿದ್ದೀರಿ. ಅದೊಂದು ಸರಿ. ಅವನಿಗೆ ಯಾವತ್ತೂ ಅವಸರ ಇರಲಿಲ್ಲ.” ಆಕೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಂತಳು. ಕಿವಿಯ ಕೆಳಗಿನ ಮಚ್ಚೆ ಫೋಟೋದಲ್ಲಿತ್ತು, ನನ್ನ ಮುಂದೆಯೂ ಇತ್ತು.

ಆಕೆಗೆ ಬೇಕಾಗಿದ್ದು ಒಂದೇ. ಫೋಟೋ ತೆಗೆದವರಿಗೆ ಒಂದು ಪ್ರಶ್ನೆ ಕೇಳಬೇಕಿತ್ತು. ವಿಳಾಸ ಕೊಡುವ ಬದಲು ನಾನೇ ಕರೆದುಕೊಂಡು ಹೋದೆ. ಪ್ರಾಯಶ್ಚಿತ್ತ ಎಂದು ನನಗೆ ನಾನೇ ಹೇಳಿಕೊಂಡೆ. ಕಥೆ ಸಿಗುತ್ತದೆ ಎಂಬ ಆಸೆಯೂ ಇತ್ತು. ಎಷ್ಟೆಷ್ಟು ಪಾಲು ಅಂತ ಕೇಳಬೇಡಿ.

೮

ಛಾಯಾಗ್ರಾಹಕಿಯ ಮನೆ ಎಂದರೆ ನಾಲ್ಕು ಗೋಡೆಗೂ ಉಕ್ಕಿನ ಬೀರು. ಪ್ರತಿ ಡ್ರಾಯರಿಗೂ ಒಂದು ವರ್ಷ. ಮಂಡಿ ನೋವಿನಿಂದ ಕೋಲು ಹಿಡಿದೇ ಓಡಾಡುವ ಅವರು ನಮ್ಮನ್ನು ಕೂರಿಸಿ, ತಾವೇ ಚಹಾ ತಂದುಕೊಟ್ಟರು. ಯಾರೆಂದು ತಿಳಿದ ಕೂಡಲೇ ಬ್ರೇಕಮ್ಮನ ಎರಡೂ ಕೈ ಹಿಡಿದುಕೊಂಡರು.

“ಅಯ್ಯೋ, ನೀವು! ಈ ಒಂದು ಚಿತ್ರ ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಯ್ತು ಗೊತ್ತಾ? ಎಷ್ಟು ಜನ ಇದನ್ನ ಬೆಡ್‌ರೂಮಲ್ಲಿ ಹಾಕ್ಕೊಂಡಿದ್ದಾರೆ ಗೊತ್ತಾ?”

ಬ್ರೇಕಮ್ಮ ಕೈ ಬಿಡಿಸಿಕೊಂಡಳು. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಆಮೇಲೆ ಕೇಳಿದಳು:

“ನಿಮಗೆ ಕಾಣಿಸಲಿಲ್ವಾ ಮೇಡಂ?”

ಆ ಹಿರಿಯಾಕೆ ಚಹಾ ಲೋಟ ಕೆಳಗಿಟ್ಟರು. “ಇಲ್ಲಮ್ಮ. ದೇವರಾಣೆ ಇಲ್ಲ. ಕ್ಯಾಮೆರಾಗೆ ಕಿವಿ ಇರಲ್ಲ. ಒಂದು ಸೆಕೆಂಡನ್ನ ಇನ್ನೂರೈವತ್ತು ಚೂರು ಮಾಡಿದ್ರೆ ಅದರಲ್ಲಿ ಒಂದು ಚೂರು, ಅಷ್ಟೇ ನಾನು ನೋಡಿದ್ದು. ನಿಲ್ಲಿ, ತೋರಿಸ್ತೀನಿ.”

ತಮ್ಮ ಮಾತನ್ನು ನಿಜ ಮಾಡಿ ತೋರಿಸಲೆಂದೇ ಅವರು ಎದ್ದದ್ದು. ಅದನ್ನು ನಾನು ಒತ್ತಿ ಹೇಳಬೇಕು. ಬಚ್ಚಿಡುವ ಉದ್ದೇಶವಿದ್ದವರು ಡ್ರಾಯರು ತೆಗೆಯುತ್ತಿರಲಿಲ್ಲ. ಅವರಿಗೆ ಮರೆತೇ ಹೋಗಿತ್ತು.

ಆ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರು ಚಿತ್ರ. ಮೂವತ್ತಾರನ್ನೂ ಒಂದೇ ಹಾಳೆಯ ಮೇಲೆ ಅಂಚೆಚೀಟಿಯ ಗಾತ್ರದಲ್ಲಿ ಸಾಲಾಗಿ ಮುದ್ರಿಸಿಕೊಂಡು, ಭೂತಗನ್ನಡಿ ಇಟ್ಟು ನೋಡಿ, ಬೇಕಾದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ಅಂಥದೊಂದು ಹಾಳೆ ಹೊರಗೆ ಬಂತು. ಮೇಜಿನ ಮೇಲೆ ದೀಪದ ಕೆಳಗೆ ಇಟ್ಟರು. ಬ್ರೇಕಮ್ಮ ಬಾಗಿ ಭೂತಗನ್ನಡಿ ಹಿಡಿದಳು. ನಾನು ಪಕ್ಕದಿಂದ ಇಣುಕಿದೆ.

ಹದಿಮೂರನೆಯದರಲ್ಲಿ ಇಬ್ಬರೂ ಬೇರೆ ಬೇರೆ ಕೂತಿದ್ದಾರೆ, ಅವನ ಕೈ ಅವಳ ಕಡೆ ಚಾಚಿದೆ. ಹದಿನಾಲ್ಕು, ಆ ಪ್ರಸಿದ್ಧ ಚಿತ್ರ, ಸುತ್ತ ದಪ್ಪ ಕೆಂಪು ಗೆರೆ. ಹದಿನೈದರಲ್ಲಿ ಅವಳ ಗದ್ದ ಆಕಾಶಕ್ಕಿದೆ. ಕತ್ತು ಹಿಂದಕ್ಕೆ ಬಗ್ಗಿದೆ. ಬಾಯಿ ತೆರೆದಿದೆ. ಅವನ ಮುಷ್ಟಿಯ ಗೆಣ್ಣುಗಳು ಬೆಳ್ಳಗೆ ಕಾಣುತ್ತಿವೆ.

ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲಿನ ಕಾಟು.

ಹಾಳೆಯ ಮೇಲೆ ಮೂವತ್ತಾರು ಚಿತ್ರಗಳಿದ್ದವು. ಐದಕ್ಕೆ ಕೆಂಪು ಸುತ್ತು, ಮೂವತ್ತಕ್ಕೆ ಯಾವ ಗುರುತೂ ಇರಲಿಲ್ಲ. ಕಾಟು ಹೊಡೆಸಿಕೊಂಡಿದ್ದು ಅದೊಂದೇ.

“ಇದು ಯಾರು ಹಾಕಿದ ಕಾಟು ಮೇಡಂ?”

“ನಾನೇ.” ಅವರು ಕೋಲೂರಿ ಕೂತರು. “ಬೀಚಲ್ಲಿ ಕಾಣಿಸಿರಲಿಲ್ಲ, ನಂಬಿ. ಡಾರ್ಕ್‌ರೂಮಲ್ಲಿ ಫಿಲಂ ತೊಳೆದ ಮೇಲೆ... ಅಷ್ಟು ಹೊತ್ತಿಗೆ ವಾರ ಆಗಿತ್ತು. ಯಾರು ಎತ್ತ ಗೊತ್ತಿಲ್ಲ. ಎಲ್ಲಿ ಅಂತ ಹುಡುಕಲಿ?”

“ಹದಿನಾರರಲ್ಲಿ ನಾಯಿ ಇದೆ,” ಬ್ರೇಕಮ್ಮ ಹೇಳಿದಳು, ಭೂತಗನ್ನಡಿಯಿಂದ ಕಣ್ಣು ತೆಗೆಯದೆ.

“ಏನು?”

“ಹದಿನೈದರಲ್ಲಿ ನಾನು. ಹದಿನಾರರಲ್ಲಿ ಮೈ ಒದರ್ತಿರೋ ನಾಯಿ. ನನ್ನ ಬಿಟ್ಟು ನಾಯಿ ಕಡೆ ತಿರುಗಿದ್ರಿ.”

ಛಾಯಾಗ್ರಾಹಕಿ ಕಣ್ಣು ಮುಚ್ಚಿಕೊಂಡರು. “ಬೆಳಕು ಆ ಕಡೆ ಚೆನ್ನಾಗಿತ್ತು,” ಎಂದರು. ಅದನ್ನು ಹೇಳಬಾರದಿತ್ತು ಎಂದು ಅವರಿಗೇ ಗೊತ್ತಾಯಿತು. ಆದರೆ ಅದೊಂದೇ ಆ ದಿನ ಅವರು ಯೋಚಿಸದೆ ಹೇಳಿದ ಮಾತು. “ಆರಿಸೋದೇ ನನ್ನ ಕೆಲಸ ಅಮ್ಮ. ಇಡೀ ರೀಲು ಯಾರೂ ನೋಡಲ್ಲ. ಏನು ಮಾಡ್ಲಿ ಹೇಳಿ? ಗೋಡೆಯಿಂದ ಇಳಿಸ್ಲಾ? ನಿಮಗೊಂದು ಪ್ರಿಂಟು ಸೈನ್ ಮಾಡಿ ಕೊಡ್ಲಾ?”

ಬ್ರೇಕಮ್ಮ ಹಾಳೆಯನ್ನು ಎತ್ತಿ ತನ್ನ ಟಿಫನ್ ಚೀಲದಲ್ಲಿ, ಡಬ್ಬಿಯ ಪಕ್ಕ, ಮಡಚದೆ ನಿಲ್ಲಿಸಿದಳು.

“ಅದನ್ನ ತಗೊಂಡು ಹೋಗೋ ಹಾಗಿಲ್ಲ! ಅದೊಂದೇ ಪ್ರತಿ. ಅದು ಕಳ್ಳತನ ಆಗುತ್ತೆ.”

“ಪೊಲೀಸರನ್ನ ಕರೀರಿ. ಅವರೂ ಬಂದು ನೋಡ್ಲಿ.”

ಹೊರಗೆ ಮೆಟ್ಟಿಲಿಳಿಯುವಾಗ ನಾನು ಏನೋ ಸಮಾಧಾನ ಹೇಳಲು ಹೋದೆ. ಆಕೆ ತಿರುಗಿ ನನ್ನನ್ನು ನೋಡಿದಳು. “ಅವರ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ ಸಾರ್. ಮಗಳಿಗೆ ನಾನು ಕೊಟ್ಟಿದ್ದೂ ಹದಿನಾಲ್ಕನೇದೇ.”

(ಗೋಡೆಯ ಬರಹ ತೆಗೆಯಿರಿ ಎಂದು ನಾನು ಗ್ಯಾಲರಿಗೆ ಪತ್ರ ಬರೆದೆ. ಪ್ರದರ್ಶನ ಮುಗಿದ ಮೇಲೆ ಖಂಡಿತ ತೆಗೆಯುತ್ತೇವೆ ಎಂದು ಉತ್ತರ ಬಂತು. ಜನ ಬರುತ್ತಲೇ ಇದ್ದರು, ಪ್ರದರ್ಶನ ಎರಡು ವಾರ ಮುಂದುವರಿಯಿತು.)

೯ (ಎರಡು ಮುಕ್ತಾಯಗಳು, ಎರಡೂ ತಿರಸ್ಕೃತ)

ಮೊದಲನೆಯದು. ಬ್ರೇಕಮ್ಮ ಹಾಳೆಯನ್ನು ಮಗಳ ಮುಂದಿಡುತ್ತಾಳೆ. ಮಗಳು ನೋಡಿ, ಚೀರಿ, ಗೋಡೆಯ ಫೋಟೋ ಕಿತ್ತೆಸೆದು ಅಮ್ಮನನ್ನು ತಬ್ಬಿಕೊಳ್ಳುತ್ತಾಳೆ.

“ಇದನ್ನ ಓದಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ,” ಎಂದಳು ಬ್ರೇಕಮ್ಮ. ಮೆಚ್ಚಿ ಹೇಳಿದ್ದಲ್ಲ.

ಎರಡನೆಯದು. ಬ್ರೇಕಮ್ಮ ಒಲೆ ಹೊತ್ತಿಸಿ ಹಾಳೆ ಸುಡುತ್ತಾಳೆ. ಮಗಳ ಸುಖ ದೊಡ್ಡದು. ತ್ಯಾಗ, ಮೌನ, ಇತ್ಯಾದಿ.

“ನನ್ನ ಮೌನ ನಿಮಗೆ ಯಾಕೆ ಸಾರ್ ಅಷ್ಟು ಇಷ್ಟ?”

ಎರಡನ್ನೂ ಹರಿದು ಹಾಕಿದೆ. ಹಾಗಾಗಿ ಆದದ್ದನ್ನೇ ಹೇಳುತ್ತೇನೆ.

೧೦

ಆಕೆ ತೋರಿಸಿದಳು. ಹಾಳೆ ತಂದ ಸಂಜೆಯೇ, ಊಟದ ಮೇಜಿನ ಮೇಲೆ. ಎಲ್ಲವನ್ನೂ ಹೇಳಿದಳು: ಮುಷ್ಟಿ, ಕಿವಿಯಲ್ಲಿ ಹೇಳಿದ ಮಾತು, ಮನೆಗೆ ಹೋದ ಮೇಲಿನದು.

ಮಗಳು ಫೋನಿನಿಂದ ಹದಿನೈದನೆಯ ಫ್ರೇಮಿನ ಫೋಟೋ ತೆಗೆದು, ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ದಿನಕ್ಕೆ ನೂರು ಸ್ಲೈಡು ನೋಡುವ ಕಣ್ಣು ಅವಳದು.

“ನಗ್ತಿರೋ ಹಾಗೂ ಕಾಣುತ್ತೆ,” ಎಂದಳು ಕೊನೆಗೆ.

“ನಗ್ತಿರಲಿಲ್ಲ.”

“ನೀನು ಹೇಳಿದ ಮೇಲೆ ನೋಡಿದ್ರೆ ಅಳೋ ಹಾಗೆ ಕಾಣುತ್ತೆ. ಹೇಳದೆ ನೋಡಿದ್ರೆ ಆಟ ಆಡೋ ಹಾಗೆ.” ಅವಳು ಫೋನು ಕೆಳಗಿಟ್ಟಳು. ಆಮೇಲೆ ಬ್ರೇಕಮ್ಮ ಹೆದರಿದ್ದ ಪ್ರಶ್ನೆಯೇ ಬಂತು. “ಅಪ್ಪ ಒಳ್ಳೆಯವರು ಅನ್ನೋದು ಸುಳ್ಳಾದ್ರೆ, ಸತ್ತಿದ್ದು?”

“ಅದೂ.”

“ಇದಾರಾ?”

“ಇದಾನೆ.”

ಮಗಳು ಕೂಗಾಡಲಿಲ್ಲ. ಊರು ಯಾವುದು ಎಂದು ಕೇಳಿದಳು. ಮುಂದಿನ ಭಾನುವಾರ ಬೆಳಿಗ್ಗೆಯ ರೈಲಿಗೆ ಹೋದಳು.

ನನ್ನ ಪಾಡಿಗೆ ಬರೆದಿದ್ದರೆ ಕಥೆಯನ್ನು ಅವಳ ಜೊತೆ ರೈಲು ಹತ್ತಿಸುತ್ತಿದ್ದೆ. ಕಿಟಕಿ, ಹೊಲ, ಗಾಜಿನ ಮೇಲೆ ಅವಳ ನೆರಳು, ಎಲ್ಲ ಸಿದ್ಧವಾಗಿದ್ದವು. ಆದರೆ ಬ್ರೇಕಮ್ಮ ರೈಲು ಹತ್ತಲಿಲ್ಲ, ಮನೆಯಲ್ಲಿದ್ದಳು. ಆಕೆಗೆ ಗೊತ್ತಿಲ್ಲದ್ದು ನಿಮಗೂ ಬೇಡ. ಅವತ್ತು ರಜೆ. ಬೀರುವಿನ ಬಟ್ಟೆ ಎಲ್ಲ ಇಳಿಸಿ ಮತ್ತೆ ಜೋಡಿಸಿದಳು. ಮೂರು ಗಂಟೆಗೆ ಊಟ ಮಾಡಲು ಕೂತು, ತಿನ್ನಲಾಗದೆ ಎದ್ದಳು.

ಸಂಜೆ ಐದಕ್ಕೆ ಬೀಗದ ಸದ್ದು. ಬ್ರೇಕಮ್ಮ ಅಡುಗೆಮನೆಯ ನಲ್ಲಿಯ ಮುಂದೆ ಇದ್ದಳು. ಮಗಳು ಬಾಗಿಲಲ್ಲಿ ನಿಂತಳು, ಚೀಲ ಹೆಗಲಲ್ಲೇ.

“ಸಿಕ್ಕಿದ್ರು,” ಎಂದಳು. “ಮುದುಕ ಆಗಿದಾರೆ. ಕೈ ನಡುಗುತ್ತೆ. ಚಹಾ ಮಾಡಿಕೊಟ್ರು. ತುಂಬಾ ಮೆಲ್ಲಗೆ ಮಾತಾಡ್ತಾರೆ, ನೀನು ಹೇಳ್ತಿದ್ದ ಹಾಗೇ.”

“ಹೂಂ.”

“ಫೋಟೋ ತೋರಿಸಿದೆ. ಅತ್ತುಬಿಟ್ರು ಅಮ್ಮ. ಒಂದು ಪ್ರತಿ ಕೇಳಿದ್ರು.”

“ಕೊಟ್ಯಾ?”

ಮಗಳು ಚೀಲದ ಪಟ್ಟಿ ಸರಿಮಾಡಿಕೊಂಡಳು. “ಆ ದಿನ ಚೆನ್ನಾಗಿ ನೆನಪಿದೆಯಂತೆ. ತುಂಬಾ ಗಾಳಿ ಇತ್ತಂತೆ. ನಿನ್ನ ಕೂದಲು ಹಾರಿ ಹಾರಿ ಕಣ್ಣಿಗೆ ಬೀಳ್ತಿತ್ತಂತೆ. ಅದಕ್ಕೇ ಹಿಡ್ಕೊಂಡಿದ್ರಂತೆ.”

ಬ್ರೇಕಮ್ಮ ನಲ್ಲಿ ನಿಲ್ಲಿಸಿದಳು.

“ಒದ್ದೆ ಕೂದಲು ಹಾರಲ್ಲ ಕಣೇ.”

“ಗೊತ್ತು. ರೈಲಲ್ಲಿ ಅದನ್ನೇ ಯೋಚನೆ ಮಾಡ್ಕೊಂಡು ಬಂದೆ.” ಮಗಳ ದನಿ ಒಡೆಯಿತು. “ಆದ್ರೆ ನಿನ್ನ ನಂಬೋಣ ಅಂದ್ರೆ... ಲಿಫ್ಟಿನ ಹೊಂಡ ಅಂತ ಹೇಳಿದ್ದೂ ಇದೇ ಬಾಯಿ ಅಲ್ವಾ? ಅವರ ಬಾಯಿಂದ ನಾನು ಕೇಳಿದ್ದು ಒಂದು ಸುಳ್ಳು. ನಿನ್ನ ಬಾಯಿಂದ ಎಷ್ಟು ಅಂತ ನೀನೇ ಹೇಳು.”

ಇಲ್ಲಿ ಬ್ರೇಕಮ್ಮ ಏನಾದರೂ ಹೇಳಬೇಕು ಎಂದು ನನಗೆ ಬಹಳ ಆಸೆ ಇತ್ತು. ಎಂಥೆಂಥ ಮಾತು ಬರೆದುಕೊಟ್ಟೆ. ಆಕೆ ಒಂದನ್ನೂ ಒಪ್ಪಲಿಲ್ಲ. “ನಾನು ಏನೂ ಹೇಳಲಿಲ್ಲ. ಹೇಳಿದೆ ಅಂತ ಬರೀಬೇಡಿ.”

ಆಕೆ ಕೈ ಒರೆಸಿಕೊಂಡು ಮಗಳಿಗೆ ಬೆನ್ನು ತಿರುಗಿಸಿ ನಿಂತಳು. ಎರಡೂ ಕೈ ಹಿಂದಕ್ಕೆ ಒಯ್ದು ತುರುಬು ಬಿಚ್ಚಿದಳು. ನರೆತ ಕೂದಲನ್ನು ಎರಡು ಪಾಲು ಮಾಡಿ ಪಕ್ಕಕ್ಕೆ ಸರಿಸಿದಳು. ಹೆಡಕಿನ ಮೇಲೆ, ತುರುಬು ಕೂರುವ ಜಾಗದಲ್ಲಿ, ಎರಡು ಬೆರಳಗಲ ನುಣ್ಣಗೆ ಹೊಳೆಯುವ ಚರ್ಮ. ಅಲ್ಲಿ ಕೂದಲು ಮತ್ತೆ ಹುಟ್ಟಿರಲಿಲ್ಲ.

“ಮುಟ್ಟಿ ನೋಡು.”

ಹಿಂದಿನಿಂದ ಮಗಳ ದನಿ ಬಂತು. “ಅದು ಚಿಕ್ಕಂದಿನಲ್ಲಿ ಕುರು ಆಗಿತ್ತು ಅಂದಿದ್ದೆ.”

“ಅಂದಿದ್ದೆ.”

ಬ್ರೇಕಮ್ಮ ಕೂದಲು ಹಿಡಿದುಕೊಂಡು ಹಾಗೇ ತಲೆ ಬಗ್ಗಿಸಿ ನಿಂತಿದ್ದಳು. ನೆಲದ ಮೇಲೆ ಚೀಲ ಇಟ್ಟ ಸದ್ದಾಯಿತು. ಒಂದು ಹೆಜ್ಜೆ ಸದ್ದೂ ಆಯಿತು.

ಆಕೆ ನನಗೆ ಹೇಳಿದ್ದು ಇಷ್ಟು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಎರಡು ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ. ನಾನು ಕಾದೆ. ಆಕೆ ಟಿಫನ್ ಡಬ್ಬಿಯ ಮುಚ್ಚಳ ಹಾಕಿ ಎದ್ದಳು.

“ಆಮೇಲೆ? ಮುಟ್ಟಿದಳಾ?” ಎಂದೆ. ಕೇಳದಿರಲು ಆಗಲಿಲ್ಲ. ನಿಮಗೂ ಆಗುತ್ತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು, ಎದ್ದು ಮಾರು ದೂರದಲ್ಲಿ ನಿಂತಿದ್ದೆ.

ಆಕೆ ನನ್ನ ಪೆನ್ನನ್ನು ನೋಡಿದಳು, ಆಮೇಲೆ ನನ್ನನ್ನು.

“ಅದು ನನ್ನ ಮಗಳ ಕೈ ಸಾರ್. ಅದು ನಿಮಗೆ ಸಿಗಲ್ಲ.”